ನೈಕಿಯ ಲೆಕ್ಕ ನೋಡಿದ ಮೇಲೆ

ಶಿರಸಿ

ಚಿ. ಅಪ್ಪಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ಕೊಳೆರೋಗಕ್ಕೆಂದು ಎರಡನೇ ಸಲ ಬೋರ್ಡೋ ದ್ರಾವಣ ಹೊಡೆಸಿದ್ದಾಯಿತು. ಮಳೆಯಂತೂ ಬಿಡುವ ಲಕ್ಷಣವಿಲ್ಲ.

ನೀನು ಕಳುಹಿಸಿದ ನೈಕಿ ಕಂಪನಿಯ ಬಂಡವಾಳ ವೆಚ್ಚದ, ಅಂದರೆ ಸಾಲ ಕೊಟ್ಟವರಿಗೂ ಷೇರುದಾರರಿಗೂ ಸೇರಿ ಕಂಪನಿ ಸರಾಸರಿ ಎಷ್ಟು ಪ್ರತಿಫಲ ಕೊಡಬೇಕೆಂಬ ಲೆಕ್ಕದ, ಹಾಳೆಗಳನ್ನು ಓದಿದೆ. ಕೂಡಿ ಕಳೆಯುವುದರಲ್ಲಿ ಎಲ್ಲೂ ಎಡವಿಲ್ಲ. ಆದರೂ 2001ರ ಮಧ್ಯಭಾಗದ ನೈಕಿಗೆ ಶೇ. 8.4 ಎಂಬ ಉತ್ತರವನ್ನು ನಾನು ಒಪ್ಪಲಾರೆ. ಸಹಕಾರಿ ಸಂಘಗಳ ಲೆಕ್ಕ ತಪಾಸಣೆಯಲ್ಲೇ ತಲೆ ಹಣ್ಣಾದವನ ಮಾತೆಂದು ಕೇಳು.

ಮೊದಲು ಸಾಲದ ದರ. ವರ್ಷದ ಬಡ್ಡಿಯನ್ನು ಸರಾಸರಿ ಸಾಲದಿಂದ ಭಾಗಿಸಿ ಶೇ. 4.3 ಎಂದು ಬರೆದಿದ್ದೀಯ. ಅಮೆರಿಕದ ಸರ್ಕಾರವೇ 20 ವರ್ಷದ ಸಾಲಕ್ಕೆ ಶೇ. 5.74 ಕೊಡುತ್ತಿದ್ದಾಗ, ಬೂಟು ಮಾರುವವರಿಗೆ ಅದಕ್ಕಿಂತ ಅಗ್ಗಕ್ಕೆ ದೀರ್ಘಾವಧಿ ಸಾಲ ಕೊಡುವ ಧರ್ಮಾತ್ಮ ಯಾರು? ನೈಕಿಯ ಆ ಸಾಲದಲ್ಲಿ ಅಲ್ಪಾವಧಿಯದೂ ಇತ್ತು, ಕಡಿಮೆ ಬಡ್ಡಿಯ ಜಪಾನಿ ಯೆನ್ ಸಾಲವೂ ಇತ್ತು. ನಿನಗೆ ಬೇಕಾದದ್ದು ಆ ಹೊತ್ತಿನಲ್ಲಿ ಹೊಸದಾಗಿ ಸಾಲ ಎತ್ತಿದರೆ ತೆರಬೇಕಾದ ದರ. 2021ಕ್ಕೆ ತೀರುವ ನೈಕಿಯ ಶೇ. 6.75ರ ಬಾಂಡು ಆಗ ನೂರರ ಮುಖಬೆಲೆಗೆ 95.60ರಂತೆ ಮಾರಾಟವಾಗುತ್ತಿತ್ತು, ಅದರ ಇಳುವರಿ, ಅಂದರೆ ಆ ಬೆಲೆಗೆ ಕೊಂಡವನಿಗೆ ಕೊನೆತನಕ ಸಿಗುವ ವಾರ್ಷಿಕ ಪ್ರತಿಫಲ, ಶೇ. 7.16ರ ಆಸುಪಾಸು. ಬಡ್ಡಿ ಕಟ್ಟುವುದರಿಂದ ಕಂಪನಿಗೆ ಉಳಿಯುವ ಶೇ. 38 ತೆರಿಗೆ ಕಳೆದರೆ 4.4 ಉಳಿಯುತ್ತದೆ.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದಿರುವುದು ತೂಕದಲ್ಲಿ, ಅಂದರೆ ಸರಾಸರಿ ಹಾಕುವಾಗ ಸಾಲಕ್ಕೂ ಷೇರಿಗೂ ಕೊಡುವ ಪಾಲಿನಲ್ಲಿ. ಷೇರುದಾರರ ಪಾಲನ್ನು ಪುಸ್ತಕದ ಬೆಲೆಯಲ್ಲಿ, ಅಂದರೆ ಸುಮಾರು 349 ಕೋಟಿ ಡಾಲರ್ ಎಂದು ಹಿಡಿದು ಸಾಲಕ್ಕೆ ಶೇ. 27 ಕೊಟ್ಟಿದ್ದೀಯ. ನಮ್ಮ ತೋಟವನ್ನು ಅಜ್ಜ ಕೊಂಡ ಕ್ರಯಪತ್ರದ ಬೆಲೆಗೇ ಇವತ್ತು ಯಾರಾದರೂ ಕೇಳಿದರೆ ನಿನ್ನ ಅಪ್ಪ ಕವಳ ಉಗುಳಿ ಎದ್ದು ಹೋಗುತ್ತಾನೆ. ನೈಕಿಯ ಷೇರು ಆಗ 42 ಡಾಲರಿನ ಮೇಲಿತ್ತು, ಷೇರುಗಳು 27 ಕೋಟಿಗೂ ಹೆಚ್ಚು. ಗುಣಿಸಿದರೆ ಸುಮಾರು 1,140 ಕೋಟಿ ಡಾಲರ್. ಸಾಲವೋ, 130 ಕೋಟಿ. ಅಂದಮೇಲೆ ಸಾಲದ ತೂಕ ಶೇ. 10 ಮಾತ್ರ, ಉಳಿದ 90 ಷೇರುದಾರರದು. ಇಂದಿನ ಬೆಲೆ ಕೊಟ್ಟು ಷೇರು ಕೊಂಡವನು ಆ ಬೆಲೆಯ ಮೇಲೆ ಪ್ರತಿಫಲ ಕೇಳುತ್ತಾನೆಯೇ ಹೊರತು ಹಳೆಯ ಖಾತೆಯ ಮೇಲಲ್ಲ.

ಷೇರುದಾರರ ನಿರೀಕ್ಷೆಗೆ ನೀನು ಹಿಡಿದ ದಾರಿ ನನಗೂ ಸರಿಕಂಡಿತು: ಷೇರುಪೇಟೆಯ ಅಪಾಯಕ್ಕೆ ಸಿಗುವ ಹೆಚ್ಚುವರಿ 5.9ನ್ನು ಬೀಟಾ 0.8ರಿಂದ (ಪೇಟೆ ಏರಿಳಿದಾಗ ಈ ಷೇರು ಎಷ್ಟು ಏರಿಳಿಯುತ್ತದೆ ಎಂಬ ಅಳತೆ) ಗುಣಿಸಿ ಸರ್ಕಾರಿ ಸಾಲದ 5.74ಕ್ಕೆ ಕೂಡಿಸಿದರೆ ಸುಮಾರು 10.5. ಹೊಸ ತೂಕ ಹಾಕಿದರೆ ಉತ್ತರ 9.8ರ ಹತ್ತಿರ ಬರುತ್ತದೆ. ಒಂದೂವರೆ ಅಂಶ ತಾನೇ ಎನ್ನಬೇಡ. ದರ ಇಳಿಸಿದಷ್ಟೂ ಮುಂದಿನ ವರ್ಷಗಳ ಗಳಿಕೆಯ ಇಂದಿನ ಬೆಲೆ ಉಬ್ಬುತ್ತದೆ; ಕೊಳ್ಳಬಾರದ ಷೇರೂ ಅಗ್ಗವಾಗಿ ಕಾಣುತ್ತದೆ.

ಆಗ ನೈಕಿಯ ಒಡೆತನದಲ್ಲಿದ್ದ ಕೋಲ್ ಹಾನ್ ಬೂಟಿನ ವ್ಯಾಪಾರಕ್ಕೆ ಬೇರೆ ದರ ಬೇಕೇ ಎಂದು ಕೇಳಿದ್ದೆಯಲ್ಲ, ಬೇಡ. ಇಡೀ ವ್ಯಾಪಾರದಲ್ಲಿ ಅದರ ಪಾಲು ಚಿಕ್ಕದಾಗಿತ್ತು.

ಬೀಟಾ ಒಂದರ ಮೇಲೆ ಮಾತ್ರ ನನಗೆ ಪೂರ್ತಿ ನಂಬಿಕೆಯಿಲ್ಲ. ಯಾವ ವರ್ಷಗಳನ್ನು ತೆಗೆದುಕೊಂಡೆ ಎಂಬುದರ ಮೇಲೆ ಅದು ಬದಲಾಗುತ್ತದೆ. 0.7 ಹಾಕಿದರೆ ಉತ್ತರ 9.3, 0.9 ಹಾಕಿದರೆ 10.4. ಮೂರನ್ನೂ ಒಂದೇ ಪುಟದಲ್ಲಿ ಬರೆದು, 0.8 ಏಕೆ ಆರಿಸಿದೆ ಎಂಬುದನ್ನು ಪಕ್ಕದಲ್ಲೇ ನಮೂದಿಸು. ನಿನ್ನ ಮೇಷ್ಟರು ಮೊದಲು ಕೇಳುವುದು ಅದನ್ನೇ.

ಇತಿ,
ನಿನ್ನ ದೊಡ್ಡಪ್ಪ