ಮಂಜ್ಯಾ, ನಿಜ ಹೇಳು ಅಂದೆಯಲ್ಲ, ತಗೋ

ಮಂಜ್ಯಾ,

ನೀನು ಕಳಿಸಿದ ಫೋಟೋ ಎಲ್ಲ ನೋಡಿದೆ. ಫೋನಿನಲ್ಲಿ ಒಮ್ಮೆ, ಆಮೇಲೆ ದೊಡ್ಡ ಸ್ಕ್ರೀನಿನಲ್ಲಿ ಇನ್ನೊಮ್ಮೆ. ಮನೆಯವರು, ಆಫೀಸಿನವರು ಎಲ್ಲರೂ ‘ಸೂಪರ್’ ಅಂದರು, ನೀನಾದರೂ ನಿಜ ಹೇಳು ಅಂತ ಕೇಳಿದ್ದೀಯ. ಹೇಳುತ್ತೇನೆ. ಈ ಪತ್ರ ನಾಲ್ಕು ಜನ ಓದುವ ಹಾಗೆ ಹಾಕಲಾ ಅಂದಾಗ ಹೂಂ ಅಂದವನೂ ನೀನೇ, ಆಮೇಲೆ ಮುಖ ಊದಿಸಿಕೊಂಡು ಕೂರಬೇಡ.

ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ತೀರ್ಪು ಕೊಡೋಕೆ ನಾನು ಯಾರು? ನನ್ನಿಂದ ಆಗೋದು ಇಷ್ಟೇ. ಫೋಟೋ ತೆರೆದ ತಕ್ಷಣ ನನ್ನ ಕಣ್ಣು ಎಲ್ಲಿ ಹೋಯಿತು, ಎಲ್ಲಿ ನಿಂತಿತು ಅಂತ ಹೇಳುತ್ತೇನೆ. ನೀನು ತೋರಿಸಬೇಕು ಅಂದುಕೊಂಡ ಕಡೆಗೇ ಹೋಗಿದ್ದರೆ ಸರಿ. ಬೇರೆ ಕಡೆ ಹೋಗಿದ್ದರೆ ಯಾಕೆ ಹೋಯಿತು ಅಂತ ನೋಡೋಣ.

ಇಟಗಿ ಮಹಾದೇವ ಗುಡಿಯಿಂದ ಶುರು ಮಾಡುತ್ತೇನೆ. 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನವೇ ‘ದೇವಾಲಯ ಚಕ್ರವರ್ತಿ’ ಅಂತ ಹೊಗಳಿದ ಗುಡಿ. ನಿನ್ನ ಫೋಟೋದಲ್ಲಿ ಆ ಚಕ್ರವರ್ತಿ ಅಂಗಾತ ಬೀಳುವವನ ಹಾಗೆ ಹಿಂದಕ್ಕೆ ವಾಲಿದ್ದಾನೆ. ನೀನು ಗೋಡೆಗೆ ತೀರಾ ಹತ್ತಿರ ನಿಂತು ಶಿಖರ ಹಿಡಿಸೋಕೆ ಫೋನನ್ನು ಮೇಲಕ್ಕೆ ಎತ್ತಿದ್ದೀಯ, ಎತ್ತಿದ ತಕ್ಷಣ ನೆಟ್ಟಗಿರೋ ಗೆರೆಗಳೆಲ್ಲ ಮೇಲೆ ಹೋಗ್ತಾ ಒಂದಕ್ಕೊಂದು ಹತ್ತಿರ ಬರುತ್ತವೆ, ಅದಕ್ಕೇ ಗುಡಿ ಬೀಳುವ ಹಾಗೆ ಕಾಣೋದು. ಫೋನಿನಲ್ಲಿ ಅಗಲಕ್ಕೆ ಹಿಡಿಯೋ 0.5 ಲೆನ್ಸ್ ಹಾಕಿದರಂತೂ ಇನ್ನೂ ಜಾಸ್ತಿ. ಹಿಂದಕ್ಕೆ ಹೋಗು, ಫೋನು ನೆಟ್ಟಗೆ ಹಿಡಿ. ಕೆಳಗೆ ಸುಮ್ನೆ ಬರೋ ನೆಲವನ್ನು ಆಮೇಲೆ ಕತ್ತರಿಸಿದರಾಯಿತು. ಇನ್ನೊಂದು, ನೀನು ಹೋಗಿದ್ದು ನಡು ಮಧ್ಯಾಹ್ನ. ನೆತ್ತಿ ಮೇಲಿನ ಬಿಸಿಲಿಗೆ ಗೋಡೆ ಮೇಲಿನ ಕೆತ್ತನೆ ಎಲ್ಲ ಚಪ್ಪಟೆ ಆಗಿದೆ. ಅಲ್ಲಿನ ಕಂಬ ಬಳಪದ ಕಲ್ಲಿನವು, ತಿರುಗಣೆಗೆ ಹಾಕಿ ಕಡೆದ ಹಾಗೆ ನುಣುಪು. ಬೆಳಿಗ್ಗೆಯದೋ ಸಂಜೆಯದೋ ಓರೆ ಬಿಸಿಲು ಬಿದ್ದಾಗ ಆ ಕಂಬದ ಒಂದೊಂದು ಬಳೆಯ ಅಂಚೂ ಬೇರೆ ಬೇರೆಯಾಗಿ ಮಿಂಚುತ್ತದೆ. ಅಷ್ಟು ದೂರ ಹೋದವನು ನಾಲ್ಕು ಗಂಟೆ ತನಕ ಬೇವಿನ ಮರದ ಕೆಳಗೆ ಕೂತಿರಬಹುದಿತ್ತಲ್ಲೋ.

ಗಂಗಾವತಿ ಗದ್ದೆ ಫೋಟೋ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಕುಡಿದ ಆ ಹಸಿರಿಗೆ ನೀನು ಇನ್ನೇನು ಸೇರಿಸಬೇಕಿತ್ತು ಹೇಳು? ಬಣ್ಣ ಏರಿಸಿ ಏರಿಸಿ ಭತ್ತ ಹೋಗಿ ಪ್ಲಾಸ್ಟಿಕ್ ಚಾಪೆ ಆಗಿದೆ. ದೊಡ್ಡದು ಮಾಡಿ ಬೆಳ್ಳಕ್ಕಿಗಳನ್ನು ನೋಡು. ಬಿಳಿ ಹಕ್ಕಿಯ ಹೊಟ್ಟೆ ಹಸಿರಾಗಿದೆ. ಜೊತೆಗೆ ಗದ್ದೆಯೊಳಗಿನ ನೀರು ಎಡಕ್ಕೆ ಓರೆಯಾಗಿ ನಿಂತಿದೆ, ನೀರು ಹಾಗೆ ನಿಲ್ಲುತ್ತಾ? ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಗ್ರಿಡ್ ಅಂತ ಇರುತ್ತೆ, ಅದನ್ನು ಆನ್ ಮಾಡು, ಅಡ್ಡಗೆರೆಗೆ ದಿಗಂತ ಹೊಂದಿಸು, ಮುಗೀತು.

ಈಗ ಕಿನ್ನಾಳದ್ದು, ಗೊಂಬೆಗೆ ಕಣ್ಣು ಬರೆಯುತ್ತಿರುವ ಹಿರಿಯರ ಫೋಟೋ. ಉಳಿದ ಎಲ್ಲಕ್ಕಿಂತ ಇದು ಒಂದು ಕೈ ಮೇಲು. ಕಿಟಕಿ ಬೆಳಕು ಎಡದಿಂದ ಬಂದು ಗೊಂಬೆಯ ಒಂದು ಕೆನ್ನೆ ಮೇಲೆ ಮಾತ್ರ ಬಿದ್ದಿದೆ. ಹಿಂದೆ ಬಿಳಿ ಬಳಿದು ಒಣಗಲು ಇಟ್ಟ, ಇನ್ನೂ ಮುಖ ಮೂಡದ ಗೊಂಬೆಗಳ ಸಾಲು. ಅವಕ್ಕೆ ಕಣ್ಣಿಲ್ಲ, ಕೈಯಲ್ಲಿರೋದಕ್ಕೆ ಈಗ ಬರುತ್ತಿದೆ. ಇದನ್ನು ನೀನು ಬೇಕಂತಲೇ ಮಾಡಿದೆಯೋ, ತಾನಾಗಿ ಬಂತೋ ಗೊತ್ತಿಲ್ಲ, ಆದರೆ ನಾನು ಬಹಳ ಹೊತ್ತು ನೋಡಿದೆ.

ಆದರೂ ನನ್ನ ಕಣ್ಣು ಮೊದಲು ಹೋಗಿದ್ದು ಗೊಂಬೆ ಕಡೆ ಅಲ್ಲ. ಬಲಗಡೆ ಮೂಲೆಯಲ್ಲಿ ಒಂದು ನೀಲಿ ನೀರಿನ ಬಾಟಲಿ ಇದೆ, ಇಡೀ ಫೋಟೋದಲ್ಲಿ ಅದೇ ಜೋರಾಗಿ ಹೊಳೆಯುತ್ತಿದೆ. ನೀನು ತೆಗೆಯುವಾಗ ಅದು ಕಂಡೇ ಇರಲ್ಲ, ಯಾಕಂದರೆ ನಿನ್ನ ಗಮನ ಕುಂಚದ ತುದಿ ಮೇಲಿತ್ತು. ಕಣ್ಣು ತನಗೆ ಬೇಕಾದ್ದನ್ನಷ್ಟೇ ನೋಡುತ್ತೆ, ಕ್ಯಾಮೆರಾಗೆ ಆ ಭೇದ ಇಲ್ಲ. ಬಟನ್ ಒತ್ತೋ ಮುಂಚೆ ನಾಲ್ಕೂ ಅಂಚು ಒಂದು ಸುತ್ತು ನೋಡಿಬಿಡು. ಒಂದು ಹೆಜ್ಜೆ ಎಡಕ್ಕೆ ಸರಿದಿದ್ದರೆ ಬಾಟಲಿ ಹೊರಗೆ ಹೋಗಿ, ಅವರ ಮೊಣಕೈ ಪೂರ್ತಿ ಒಳಗೆ ಬರುತ್ತಿತ್ತು. ಈಗ ಕೈ ಅರ್ಧಕ್ಕೇ ಕತ್ತರಿಸಿದೆ.

ಕೈ ಸ್ವಲ್ಪ ಅಳ್ಳಾಡಿದೆ ಅಂತ ನೀನೇ ಬೇಜಾರು ಮಾಡಿಕೊಂಡಿದ್ದೆ. ಅದು ನಿನ್ನ ಕೈ ನಡುಗಿದ್ದಲ್ಲ. ಗೊಂಬೆ ಚೂಪಾಗಿದೆ, ಹಿಂದಿನ ಸಾಲೂ ತಕ್ಕಮಟ್ಟಿಗೆ ನಿಂತಿದೆ, ಬೆರಳು ಮಾತ್ರ ಮಸುಕು, ಅಂದರೆ ಅಳ್ಳಾಡಿದ್ದು ಅವರ ಕೈ. ನಿನ್ನ ಕೈ ನಡುಗಿದ್ದರೆ ಎಲ್ಲವೂ ಒಂದೇ ಕಡೆಗೆ ಎಳೆದ ಹಾಗೆ ಇರುತ್ತಿತ್ತು. ಒಳಗೆ ಬೆಳಕು ಕಡಿಮೆ ಇದ್ದಾಗ ಫೋನು ತಾನೇ ಶಟರ್ ನಿಧಾನ ಮಾಡಿಕೊಳ್ಳುತ್ತೆ, ಅಂದರೆ ಬೆಳಕು ಒಳಗೆ ಬಿಡೋ ಹೊತ್ತು ಜಾಸ್ತಿ ಮಾಡುತ್ತೆ. ಎಲ್ಲ ನೀನೇ ಹೊಂದಿಸಬಹುದಾದ ಪ್ರೋ ಮೋಡ್‌ಗೆ ಹೋಗಿ ಶಟರ್ 1/125 ಸೆಕೆಂಡಿಗೆ ಇಡು, ಕತ್ತಲಾಗುತ್ತೆ, ಆಗ ಬೆಳಕಿಗೆ ಫೋನಿನ ಸೂಕ್ಷ್ಮತೆ ಹೆಚ್ಚಿಸೋ ಐಎಸ್‌ಒ ಏರಿಸು. ಕಾಳು ಕಾಳು ಬರುತ್ತೆ, ಬರಲಿ ಬಿಡು. ನನ್ನನ್ನು ಕೇಳಿದರೆ ಈ ಫೋಟೋಗೆ ಆ ಮಸುಕೂ ಒಪ್ಪುತ್ತದೆ, ಕೈ ಕೆಲಸ ಮಾಡುತ್ತಿದೆ ಅಂತ ಗೊತ್ತಾಗುತ್ತೆ. ನಿನಗೆ ಒಪ್ಪದಿದ್ದರೆ ಬದಲಾಯಿಸು, ಫೋಟೋ ನಿಂದು. ಆ ಹಿರಿಯರಿಗೆ ಒಂದು ಪ್ರಿಂಟ್ ಹಾಕಿಸಿ ಕೊಟ್ಟೆಯಾ? ಕೊಡು.

ಗವಿಮಠದ ಜಾತ್ರೆಯದು ಬಹಳ ಕಳಿಸಿದ್ದೀಯ. ತೇರಿನ ಫೋಟೋ ಯಾವುದೂ ನನಗೆ ಹತ್ತಲಿಲ್ಲ. ಜನರ ತಲೆ, ತಲೆ ಮೇಲೆ ಎತ್ತಿದ ಫೋನುಗಳು, ದೂರದಲ್ಲಿ ತೇರು. ಅಂಥದ್ದು ಕೊಪ್ಪಳದಲ್ಲಿ ಮನೆಮನೆಯಲ್ಲೂ ಇದೆ. ಆದರೆ ದಾಸೋಹದ ಕಡೆ ಹೋಗಿ ತೆಗೆದಿದ್ದೀಯಲ್ಲ, ಹಳ್ಳಿಯವರು ಗಾಡಿಗಟ್ಟಲೆ ತಂದ ಜೋಳದ ರೊಟ್ಟಿ ಒಟ್ಟಿದ್ದು, ಅದರ ಪಕ್ಕ ನಿಂತು ನಗುತ್ತಿರುವ ಅವ್ವ, ಅಲ್ಲಿ ಜಾತ್ರೆ ಇದೆ. ಅವರ ಸೀರೆ ಸೆರಗಿನ ಮೇಲಿನ ಹಿಟ್ಟೂ ಕಾಣುತ್ತಿದೆ. ತಪ್ಪು ಒಂದೇ, ಪಕ್ಕದವರ ಬಿಳಿ ಧೋತರ ಬಿಸಿಲಿಗೆ ಪೂರ್ತಿ ಸುಟ್ಟುಹೋಗಿದೆ, ಒಂದು ನೆರಿಗೆಯೂ ಉಳಿದಿಲ್ಲ. ಹಾಗೆ ಸುಟ್ಟ ಬಿಳಿಯನ್ನು ಆಮೇಲೆ ಎಷ್ಟು ತಿದ್ದಿದರೂ ವಾಪಸ್ ತರೋಕಾಗಲ್ಲ. ತೆಗೆಯುವಾಗಲೇ ಸ್ಕ್ರೀನ್ ಮುಟ್ಟಿ, ಪಕ್ಕದಲ್ಲಿ ಬರುವ ಸೂರ್ಯನ ಚಿಹ್ನೆಯನ್ನು ಸ್ವಲ್ಪ ಕೆಳಗೆ ಎಳಿ. ನೆರಳು ಕಪ್ಪಾಗುತ್ತೆ, ಅದನ್ನು ಮನೆಗೆ ಬಂದು ಎತ್ತಬಹುದು.

ಅಂಜನಾದ್ರಿ ಬಗ್ಗೆ ಏನು ಹೇಳಲಿ. 575 ಮೆಟ್ಟಿಲು ಹತ್ತಿ, ಅಂಗೈ ಮೇಲೆ ಸೂರ್ಯನನ್ನು ಕೂರಿಸಿಕೊಂಡು ಬಂದಿದ್ದೀಯ. ಮುಂದಕ್ಕೆ ಹೋಗೋಣ.

ನಿಮ್ಮ ಅಜ್ಜಿ ಫೋಟೋ ಬಗ್ಗೆ ನಾನು ಏನೂ ಹೇಳಲ್ಲ. ಹೇಳಲಾರೆ. ಅವರ ಕೈಯಲ್ಲಿ ಊಟ ಮಾಡಿದವನು ನಾನು, ಫೋಟೋ ತೆರೆದ ಕೂಡಲೇ ಅವರ ದನಿ ಕೇಳಿಸಿತು, ಅದು ನಿನ್ನ ಫೋಟೋದಿಂದ ಬಂದಿದ್ದೋ ನನ್ನ ನೆನಪಿನಿಂದ ಬಂದಿದ್ದೋ ನನಗೇ ಬಿಡಿಸಿ ಹೇಳೋಕೆ ಬರಲ್ಲ. ನಿನಗೂ ಅದೇ ಕಷ್ಟ ಇದೆ. ಅವರನ್ನು ಕಂಡೇ ಇಲ್ಲದ ಯಾರಿಗಾದರೂ ತೋರಿಸು. ತೋರಿಸುವಾಗ ಬಾಯಿ ಮುಚ್ಚಿಕೊಂಡಿರು, ‘ಇವರು ನಮ್ಮಜ್ಜಿ, ತೊಂಬತ್ತು ವರ್ಷ’ ಅಂತ ಮೊದಲೇ ಶುರು ಮಾಡಿದರೆ ಅವರು ಫೋಟೋ ನೋಡಲ್ಲ, ನಿನ್ನ ಮಾತು ಕೇಳುತ್ತಾರೆ. ‘ಇವರು ಯಾರ ಮೇಲೋ ಸಿಟ್ಟಾಗಿದ್ದಾರೆ’ ಅಂದರೂ ಸುಮ್ಮನೆ ಕೇಳಿಕೋ, ಜಗಳಕ್ಕೆ ಹೋಗಬೇಡ.

ಮುಂದಿನ ಸಲ ಒಂದೇ ಜಾಗದ ಐದೈದು ಫೋಟೋ ಕಳಿಸಬೇಡ. ಅದರಲ್ಲಿ ಯಾವುದು ಅಂತ ನೀನೇ ಆರಿಸು, ಯಾಕೆ ಆರಿಸಿದೆ ಅಂತ ಒಂದು ಸಾಲು ಬರಿ. ಮತ್ತೆ ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಕುಗ್ಗಿಸಿಬಿಡುತ್ತೆ, ಡಾಕ್ಯುಮೆಂಟ್ ಮಾಡಿ ಕಳಿಸು. ಬಣ್ಣ ಹಚ್ಚೋಕೆ ಮುಂಚಿನದು ಇರಲಿ. ಕಿನ್ನಾಳದ್ದು ಮೊದಲು.

ನಿನ್ನ ದೋಸ್ತ,
ಬಳ್ಳಾರಿಯಿಂದ