ಬಿಲ ಸಿಡಿಸುವ ಮುಂಚೆ ಬಿಲ ಯಾರದು ಅಂತ ನೋಡಿ

ಸಂಪಾದಕರೇ,

ಇಲಿ ಕಾಟ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಮಂಡ್ಯ ಕಡೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರಲ್ಲಿ ಭತ್ತ ಬೆಳೆಯುವವನು ನಾನು. ಹೆಗ್ಗಣ ಪೈರನ್ನು ಬುಡದಲ್ಲೇ ಕತ್ತರಿಸಿ, ತೆನೆಯನ್ನೆಲ್ಲ ಬಿಲಕ್ಕೆ ಎಳೆದುಕೊಂಡು ಹೋಗಿ ಕಣಜ ಮಾಡಿಕೊಳ್ಳುವುದನ್ನು ನೋಡಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತೆ. ಆದರೆ ಹುಡುಗರು ಮೊಬೈಲ್ ನೋಡಿಕೊಂಡು ಈಗ ಶುರು ಮಾಡಿರುವ ಬಿಲ ಸಿಡಿಸುವ ಆಟ ನೋಡಿ ಸುಮ್ನಿರಲು ಆಗಲಿಲ್ಲ.

ಅಮೆರಿಕದಲ್ಲಿ ಒಂದು ಯಂತ್ರ ಇದೆ. ಬಿಲದೊಳಗೆ ಪ್ರೊಪೇನ್ ಮತ್ತು ಆಕ್ಸಿಜನ್ ತುಂಬಿ ಕಿಡಿ ಕೊಡುತ್ತಾರೆ. ಆ ಹೊಡೆತಕ್ಕೆ ಪ್ರಾಣಿಯೂ ಸಾಯುತ್ತೆ, ಬಿಲವೂ ಕುಸಿಯುತ್ತೆ. ಅಲ್ಲಿ ಅದನ್ನು ಗೋಫರ್ ಅನ್ನೋ ಬಿಲ ತೋಡುವ ಇಲಿಯಂಥ ಪ್ರಾಣಿ, ನೆಲದ ಅಳಿಲುಗಳ ಮೇಲೆ ಬಳಸುತ್ತಾರೆ. ಒಣಹುಲ್ಲಿಗೆ ಬೆಂಕಿ ಹತ್ತುವ ಭಯ ಅಲ್ಲೂ ತಪ್ಪಿದ್ದಲ್ಲ. ನಮ್ಮ ಹುಡುಗರು ಅದನ್ನೇ ಅಡುಗೆ ಸಿಲಿಂಡರಿಗೆ ಪೈಪ್ ಸಿಕ್ಕಿಸಿ ಮಾಡೋಕೆ ಹೊರಟಿದ್ದಾರೆ! ಮನೆ ಅಡುಗೆಗೆ ಕೊಟ್ಟ ಸಿಲಿಂಡರನ್ನು ಬೇರೆ ಕೆಲಸಕ್ಕೆ ಬಳಸಬಾರದು ಅಂತ 2000ನೇ ಇಸವಿಯ ಎಲ್‌ಪಿಜಿ ಆದೇಶದಲ್ಲೇ ಇದೆ. ಪೈಪಿನೊಳಗೆ ಕಾರ್ಬೈಡಿಗೆ ನೀರು ಹಾಕಿ, ಬರುವ ಅನಿಲಕ್ಕೆ ಕಿಡಿ ಕೊಟ್ಟು ಸಿಡಿಸುವ ಕಾರ್ಬೈಡ್ ಪೈಪಂತೂ ಬೇಡವೇ ಬೇಡ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಅದರಿಂದ ಎಷ್ಟು ಮಕ್ಕಳ ಕಣ್ಣಿಗೆ ಪೆಟ್ಟಾಯಿತು ಅನ್ನೋದನ್ನು ಎಲ್ಲರೂ ಓದಿದ್ದೀರಿ.

ಕಾನೂನು ಪಕ್ಕಕ್ಕಿಡಿ. ನಮ್ಮಲ್ಲಿ ಬಿಲ ಇರೋದೇ ಬದುವಿನಲ್ಲಿ, ನಾಲೆ ಏರಿಯಲ್ಲಿ. ಬಿಲ ಕುಸಿದರೆ ಬದುವೂ ಕುಸಿಯುತ್ತೆ, ಆಮೇಲೆ ನೀರು ಯಾರ ಗದ್ದೆಗೆ ನುಗ್ಗಿತು ಅಂತ ಅಣ್ಣತಮ್ಮಂದಿರೇ ಜಗಳ ಆಡಬೇಕು.

ಇನ್ನೊಂದು ಮಾತು, ಆ ಬಿಲದಲ್ಲಿ ಇರೋದು ಹೆಗ್ಗಣವೇ ಅಂತ ಹೇಗೆ ಗೊತ್ತು? ಸಡಿಲ ಮಣ್ಣಿನ ಗುಡ್ಡೆ ಇದ್ದರೆ ಹೆಗ್ಗಣ, ಹಸಿ ಕೆಸರಿನ ಉಂಡೆ ಇದ್ದರೆ ಏಡಿ. ಹಳೇ ಬಿಲದಲ್ಲಿ ಕೇರೆ ಹಾವೋ ನಾಗರವೋ ಸೇರಿಕೊಂಡಿರುತ್ತೆ. ಇವೆರಡಕ್ಕೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಅದೂ ಇರಲಿ, ನಮ್ಮ ಪರವಾಗಿ ಇಲಿ ಹಿಡಿಯುವ ಕೇರೆಯನ್ನೇ ಸಿಡಿಸಿ ಕೊಂದರೆ ಇದೆಂಥ ಬುದ್ಧಿ? ನಮ್ಮ ಅಪ್ಪ ಸಂಜೆ ಎಲ್ಲ ಬಿಲವನ್ನೂ ಮಣ್ಣಿನಿಂದ ಮುಚ್ಚಿ ಬರೋರು, ಬೆಳಿಗ್ಗೆ ತೆರೆದಿರೋದಕ್ಕೆ ಮಾತ್ರ ಹೊಗೆ ಹಾಕೋರು. ಯಂತ್ರ ಏನೂ ಬೇಕಾಗಿರಲಿಲ್ಲ, ಒಂದು ತೂತಿನ ಮಡಕೆ, ಒಂದಷ್ಟು ಹುಲ್ಲು, ಅಷ್ಟೇ.

ಸಿಡಿಸೋದು ಬೇಡ ಅಂದರೆ ಕೆಲವರು ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಹುಡುಕಿಕೊಂಡು ಹೋಗ್ತಾರೆ. ತೇವ ತಾಗಿದರೆ ಫಾಸ್ಫೀನ್ ಅನಿಲ ಬಿಡುವ ವಸ್ತು ಅದು, ಅದಕ್ಕೆ ಪ್ರತಿವಿಷ ಇಲ್ಲ. ಸರ್ಕಾರಿ ಸಂಸ್ಥೆಗಳಿಗೆ ಮತ್ತು ಕೀಟ ನಿಯಂತ್ರಣದವರಿಗೆ ಬಿಟ್ಟು ಬೇರೆಯವರಿಗೆ ಮಾರುವಂತಿಲ್ಲ. ಆದರೂ ಅಂಗಡಿಯಲ್ಲಿ ಕೇಳಿದರೆ ಸಿಗುತ್ತೆ, ಅದೇ ತಮಾಷೆ.

ರೈತ ಸಂಪರ್ಕ ಕೇಂದ್ರದವರಿಗೆ ನನ್ನದು ಒಂದೇ ಕೋರಿಕೆ. ಪೈರು ಹೊಡೆ ಕಟ್ಟುವ ಮುಂಚೆ ಊರಿಗೆ ಬಂದು, ಎಲ್ಲರ ಬದುವಿನಲ್ಲೂ ಒಂದೇ ದಿನ ಇಲಿ ಪಾಷಾಣದ ಉಂಡೆ ಇಡಿಸಿ. ಮೊದಲು ಎರಡು ದಿನ ವಿಷವಿಲ್ಲದ ಉಂಡೆ ಇಟ್ಟು ಅಭ್ಯಾಸ ಮಾಡಿಸಬೇಕು ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ, ಅದನ್ನೂ ಹೇಳಿಕೊಡಿ. ನಾನೊಬ್ಬ ಇಟ್ಟರೆ ಪಕ್ಕದ ಗದ್ದೆಯಿಂದ ಎರಡೇ ವಾರದಲ್ಲಿ ಮತ್ತೆ ಬರುತ್ತವೆ. ಈ ಸಲವೂ ಹಾಗೇ ಆಯಿತು.

ಇಂತಿ,
ಒಬ್ಬ ಭತ್ತದ ರೈತ, ಮಂಡ್ಯ ಜಿಲ್ಲೆ