ಇಳಿದ ಬೆಲೆಯ ಕಾರು, ಇಳಿಯದ ಖರ್ಚು

ಸಂಪಾದಕರಿಗೆ,

ಮಾನ್ಯರೇ,

ಕಾಸರಗೋಡು–ಮಂಗಳೂರು ಹೆದ್ದಾರಿಯ ಬದಿಯ ಫಲಕಗಳಲ್ಲಿಯೂ ಮೊಬೈಲಿಗೆ ಬರುವ ಜಾಹೀರಾತುಗಳಲ್ಲಿಯೂ ಈಚೆಗೆ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರುಗಳು ಕಾಣಿಸಿಕೊಳ್ಳುತ್ತಿವೆ. ಹೊಸದಾಗಿದ್ದಾಗ ಕೋಟಿಯ ಆಸುಪಾಸಿನಲ್ಲೋ ಅದಕ್ಕೂ ಮೇಲೋ ಇದ್ದ ಪೋರ್ಷೆ, ಔಡಿ ಆರ್8, ಲ್ಯಾಂಬೊರ್ಗಿನಿ ಗಲಾರ್ಡೊಗಳು ಅರ್ಧ ಬೆಲೆಗೆ, ಸುಲಭ ಕಂತಿನಲ್ಲಿ ಸಿಗುತ್ತವೆಂಬ ಮಾತು ಕೇಳಿ ವಿಚಾರಿಸಲು ಹೊರಡುವ ತರುಣರು ನಮ್ಮ ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡೆ ಕಡಿಮೆಯೇನಿಲ್ಲ. ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿ ದುಡಿದು ನಿವೃತ್ತನಾದವನಾದ ಕಾರಣ ಕೆಲವರು ಕಾಗದಪತ್ರ ಹಿಡಿದು ನನ್ನಲ್ಲಿಗೂ ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂತಹ ಕಾರಿನ ಬೆಲೆ ವರ್ಷ ಕಳೆದಂತೆ ಇಳಿಯುತ್ತದೆ. ಆದರೆ ಅದರ ತೆರಿಗೆಯೂ ಬಿಡಿಭಾಗವೂ ರಿಪೇರಿಯೂ ಅದು ಶೋರೂಮಿನಿಂದ ಹೊರಬಿದ್ದ ದಿನದ ಬೆಲೆಯನ್ನೇ ಹಿಡಿದುಕೊಂಡಿರುತ್ತವೆ. ಕೊಳ್ಳುವವನ ಕೈಯಲ್ಲಿರುವ ಲೆಕ್ಕದ ಚೀಟಿಯಲ್ಲಿ ಈ ಎರಡನೆಯ ಬೆಲೆ ಎಲ್ಲಿಯೂ ಇರುವುದಿಲ್ಲ.

ಮೊದಲು ಸಾಲದ ಮಾತು. ‘ಬರೇ ಎಂಟು ಪರ್ಸೆಂಟ್’ ಎಂದು ಮಾರಾಟಗಾರ ಬಾಯಿಮಾತಿನಲ್ಲಿ ಹೇಳುವುದು ಹೆಚ್ಚಾಗಿ ಫ್ಲಾಟ್ ದರ. 50 ಲಕ್ಷದ ಕಾರಿಗೆ 40 ಲಕ್ಷ ಸಾಲ, ಐದು ವರ್ಷದ ಅವಧಿ ಎಂದಿಟ್ಟುಕೊಳ್ಳೋಣ. ಫ್ಲಾಟ್ ಲೆಕ್ಕದಲ್ಲಿ ಪೂರ್ತಿ 40 ಲಕ್ಷಕ್ಕೆ ಐದೂ ವರ್ಷ ಬಡ್ಡಿ ಹಾಕುತ್ತಾರೆ. ಅಸಲು ತೀರುತ್ತಾ ಬಂದರೂ ಬಡ್ಡಿ ಕರಗುವುದಿಲ್ಲ. ಒಟ್ಟು ಬಡ್ಡಿ 16 ಲಕ್ಷ, ತಿಂಗಳ ಕಂತು 93,333 ರೂಪಾಯಿ. ಬಾಕಿ ಇಳಿದಂತೆ ಬಡ್ಡಿಯೂ ಇಳಿಯುವ ಸಾಮಾನ್ಯ ಬ್ಯಾಂಕ್ ಲೆಕ್ಕಕ್ಕೆ ಇದನ್ನು ತಿರುಗಿಸಿದರೆ ದರ ಶೇಕಡಾ 14ನ್ನು ದಾಟುತ್ತದೆ. ‘ಹದಿಮೂರು ಪರ್ಸೆಂಟ್’ ಎಂದು ನೇರವಾಗಿ ಹೇಳುವ ಬ್ಯಾಂಕನ್ನು ದುಬಾರಿಯೆಂದು ಬಿಟ್ಟು ‘ಎಂಟು ಪರ್ಸೆಂಟ್’ ಹೇಳಿದವರಲ್ಲಿ ಸಹಿ ಹಾಕಿ ಬಂದವರನ್ನು ನಾನು ಕಂಡಿದ್ದೇನೆ; ಅದೇ ಸಾಲಕ್ಕೆ ಬ್ಯಾಂಕಿನ ಕಂತು ಸುಮಾರು 91,000 ರೂಪಾಯಿ ಆಗುತ್ತಿತ್ತು.

ಇನ್ನೊಂದು ಬಗೆಯಲ್ಲಿ ಕಂತನ್ನು ಸಣ್ಣದು ಮಾಡಿ, ಅಸಲಿನ ಒಂದು ದೊಡ್ಡ ಪಾಲನ್ನು ಕೊನೆಗೆ ಒಟ್ಟಿಗೆ ಕಟ್ಟುವಂತೆ ಇಡುತ್ತಾರೆ. ಅದೇ 40 ಲಕ್ಷಕ್ಕೆ, ಅದೇ ಶೇಕಡಾ 13ರ ದರದಲ್ಲಿ, 20 ಲಕ್ಷವನ್ನು ಕೊನೆಗೆ ಉಳಿಸಿದರೆ ತಿಂಗಳ ಕಂತು 67,000ದ ಸುತ್ತಮುತ್ತ ಬಂದು ನಿಲ್ಲುತ್ತದೆ. ನೋಡಲು ಹಗುರ. ಆದರೆ ಒಟ್ಟು ಬಡ್ಡಿ ಹದಿನಾಲ್ಕೂವರೆ ಲಕ್ಷದ ಬದಲು 20 ಲಕ್ಷವನ್ನು ಮೀರುತ್ತದೆ. ಐದು ವರ್ಷ ಕಳೆದ ಮೇಲೆ ಕಾರು ಮಾರಿದರೂ ಆ 20 ಲಕ್ಷ ಹುಟ್ಟುವುದೆಂಬ ಖಾತರಿಯನ್ನು ಯಾರೂ ಕೊಡುವುದಿಲ್ಲ. ಕಾರಿಗೆ ವಯಸ್ಸಾದಷ್ಟೂ ಬ್ಯಾಂಕುಗಳು ಹಿಂಜರಿಯುವುದರಿಂದ ಹಳೆಯ ಮಾಡೆಲ್‌ಗಳಿಗೆ ಮನೆಯ ಚಿನ್ನ ಅಡವಿಡುವವರೂ ಇದ್ದಾರೆ. ಆಗ ಆರ್‌ಸಿಯಲ್ಲಿ ಹೈಪೊಥೆಕೇಶನ್, ಅಂದರೆ ಕಾರು ಸಾಲಕ್ಕೆ ಒತ್ತೆಯಿದೆಯೆಂಬ ನಮೂದು, ಇರುವುದಿಲ್ಲ, ಕಾರು ಸಾಲವಿಲ್ಲದ್ದೆಂದೇ ಕಾಣುತ್ತದೆ; ವರ್ಷದ ಕೊನೆಗೆ ಬಡ್ಡಿ ಕಟ್ಟಲಾಗದಿದ್ದರೆ ಏಲಂಗೆ ಹೋಗುವುದು ಕಾರಲ್ಲ, ತಾಯಿಯ ಕರಿಮಣಿ.

ಗಡಿಯಲ್ಲಿರುವ ನಮಗೆ ತೆರಿಗೆಯ ಪ್ರಶ್ನೆ ಬೇರೆಯವರಿಗಿಂತ ಹೆಚ್ಚು ತೊಡಕಿನದು. 20 ಲಕ್ಷಕ್ಕಿಂತ ಮೇಲಿನ ಕಾರಿಗೆ ಕರ್ನಾಟಕದಲ್ಲಿ ಆಜೀವ ತೆರಿಗೆ ಶೇಕಡಾ 18, ಅದರ ಮೇಲೆ ಸೆಸ್. ಕೇರಳದಲ್ಲಿ ಬೆಲೆಯ ಐದನೇ ಒಂದು ಪಾಲಿಗೂ ಹೆಚ್ಚು. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕಾರು ಕೊಂಡು ತಲಪಾಡಿಯ ಗಡಿ ದಾಟಿಸಿ ಕೇರಳದ ಮನೆಗೆ ತಂದ ಮೇಲೆ ಅದನ್ನು ಇಲ್ಲಿಯೇ ಇಟ್ಟುಕೊಳ್ಳುವುದಾದರೆ, 1988ರ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ, ಹನ್ನೆರಡು ತಿಂಗಳು ಮೀರಿದರೆ ಹೊಸ ನೋಂದಣಿ ಸಂಖ್ಯೆ ಪಡೆಯಲೇಬೇಕು. ಆಗ ಕಟ್ಟಬೇಕಾದ ತೆರಿಗೆಗೆ ಕಾರಿನ ವಯಸ್ಸಿನ ಮೇಲೆ ರಿಯಾಯಿತಿ ಸಿಗುವುದು ನಿಜ. ಆದರೆ ಆ ರಿಯಾಯಿತಿಯನ್ನು ಕಳೆಯುವುದು ಕಾರಿನ ಮೂಲ ಬೆಲೆಯ ತೆರಿಗೆಯಿಂದಲೇ ಹೊರತು ನೀವು ಕೊಟ್ಟ 50 ಲಕ್ಷದ ತೆರಿಗೆಯಿಂದಲ್ಲ. ಹಿಂದಿನ ರಾಜ್ಯದಲ್ಲಿ ಕಟ್ಟಿದ್ದರ ಉಳಿಕೆ ಮರಳಿ ಪಡೆಯಲು ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಇಲ್ಲಿಯ ಹೊಸ ಆರ್‌ಸಿ ಎಲ್ಲ ಹಿಡಿದು ಅಲ್ಲಿಯ ಆರ್‌ಟಿಒ ಕಚೇರಿಗೆ ಅಲೆಯಬೇಕು. ಅದೂ ಸಿಗುವುದು ಹಿಂದಿನ ಮಾಲಿಕನಿಗೋ ನಿಮಗೋ ಎಂಬುದನ್ನು ಖರೀದಿಯ ದಿನವೇ ಬರೆಸಿಟ್ಟುಕೊಳ್ಳದಿದ್ದರೆ ಮತ್ತೊಂದು ಜಗಳ.

ಹೊರರಾಜ್ಯದ ನಂಬರ್ ಪ್ಲೇಟಿನ ಅಗ್ಗದ ಕಾರುಗಳ ಬಗ್ಗೆ ಇಷ್ಟು ಹೇಳಿದರೆ ಸಾಕು: 2025ರ ಸೆಪ್ಟೆಂಬರಿನಲ್ಲಿ ಕೊಚ್ಚಿಯ ಕಸ್ಟಮ್ಸ್ ಅಧಿಕಾರಿಗಳು ಭೂತಾನಿನ ಮೂಲಕ ಸುಂಕ ತಪ್ಪಿಸಿ ತಂದವೆಂಬ ಶಂಕೆಯ ಮೇಲೆ ಕೇರಳದ ಹಲವೆಡೆ ದುಬಾರಿ ವಾಹನಗಳನ್ನು ವಶಪಡಿಸಿಕೊಂಡಾಗ, ವಾಹನ ಹೋದದ್ದು ಕಡೆಗೆ ಹಣ ಕೊಟ್ಟು ಕೊಂಡವರ ಅಂಗಳದಿಂದ. ಆಮದಾದ ಕಾರಾದರೆ ಆರ್‌ಸಿಯ ಜೊತೆಗೆ ಸುಂಕ ಕಟ್ಟಿದ ದಾಖಲೆಯನ್ನೂ ಕೇಳಿ ನೋಡಬೇಕು.

ಇನ್ನು ನಿರ್ವಹಣೆ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ಸಾಲದ ಕಂತು ಕನಿಷ್ಠ ಪಕ್ಷ ಕಾಗದದಲ್ಲಿರುತ್ತದೆ, ಇದು ಅಲ್ಲಿಯೂ ಇರುವುದಿಲ್ಲ. ಗಲಾರ್ಡೊದ ಇ-ಗೇರ್, 2012ರವರೆಗಿನ ಆರ್8ರ ಆರ್-ಟ್ರಾನಿಕ್ ಎಂಬವು ಕ್ಲಚ್ ಪೆಡಲ್ ಇಲ್ಲದೆ, ಇರುವ ಒಂದೇ ಕ್ಲಚ್ಚನ್ನು ಯಂತ್ರವೇ ಒತ್ತಿ ಬಿಡುವ ಗೇರುಗಳು. ರೈಲ್ವೇ ಗೇಟಿನ ಮುಂದೆ ಇಂಚಿಂಚಾಗಿ ಮುಂದಕ್ಕೆ ಸರಿಯುವ ಚಾಲನೆಯಲ್ಲಿ ಆ ಕ್ಲಚ್ಚು ಬೇಗ ಸವೆಯುತ್ತದೆ; ಬದಲಿಸುವ ಖರ್ಚು ಲಕ್ಷಗಳಲ್ಲಿ. ಎಷ್ಟು ಸವೆದಿದೆಯೆಂಬುದನ್ನು ಕಂಪ್ಯೂಟರ್ ಜೋಡಿಸಿ ಓದಿ ಹೇಳಬಹುದು, ಕೊಳ್ಳುವ ಮೊದಲು ಆ ಮುದ್ರಿತ ಹಾಳೆಯನ್ನು ಕೇಳದವರೇ ಹೆಚ್ಚು. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಒತ್ತಿರುತ್ತದೆ. 2317 ಎಂದಿದ್ದರೆ 2017ರ 23ನೇ ವಾರದ್ದೆಂದು ಅರ್ಥ. ಕಡಿಮೆ ಓಡಿದ ಕಾರಿನಲ್ಲಿ ಟಯರಿನ ಗೆರೆ ಹೊಸದರಂತೆಯೇ ಇದ್ದು ರಬ್ಬರ್ ಮಾತ್ರ ಗಟ್ಟಿಯಾಗಿ, ಬದಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ. ಹಿಂದಿನ ಚಕ್ರಕ್ಕೆ ಬೇಕಾದ 295 ಮಿಲಿಮೀಟರ್ ಅಗಲದ, 19 ಇಂಚಿನ ಟಯರ್ ನಮ್ಮ ಪೇಟೆಯ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಸೆರಾಮಿಕ್ ಬ್ರೇಕ್ ಇರುವ ಕಾರಾದರೆ ನಾಲ್ಕು ಡಿಸ್ಕ್‌ಗಳ ಬೆಲೆಗೆ ಒಂದು ಸಣ್ಣ ಹೊಸ ಕಾರೇ ಬರುತ್ತದೆ.

ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥವಾಯಿತು, ಸಂತೋಷ. ಆದರೆ ಕಾರು ಮನೆ ಸೇರಬೇಕಾದದ್ದು ಸರ್ವಿಸ್ ರಸ್ತೆಯಲ್ಲಿ, ಪಂಚಾಯತು ರಸ್ತೆಯಲ್ಲಿ. ನಿಯಮಕ್ಕೆ ಸರಿಯಾಗಿ ಹಾಕಿದ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಈ ಕಾರುಗಳ ಹೊಟ್ಟೆ ನೆಲದಿಂದ ಹತ್ತು–ಹನ್ನೆರಡು ಸೆಂಟಿಮೀಟರ್ ಮೇಲಿರುತ್ತದೆ. ನಮ್ಮ ಹಂಪುಗಳು ಯಾವ ನಿಯಮಕ್ಕೆ ಸರಿಯಾಗಿವೆಯೆಂದು ನಾನು ಹೇಳಬೇಕಾಗಿಲ್ಲ. ಕೆಟ್ಟುನಿಂತರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರನ್ನು ಎರಡು ಚಕ್ರ ನೆಲದಲ್ಲಿಟ್ಟು ಎಳೆಯುವಂತಿಲ್ಲ, ಪೂರ್ತಿ ಹೇರಿಕೊಳ್ಳುವ ಲಾರಿಯೇ ಬೇಕು. ಕೆಲವು ಕಂಪೆನಿಗಳ ಸರ್ವಿಸ್‌ಗೆ ಬೆಂಗಳೂರೋ ಕೊಚ್ಚಿಯೋ ಗತಿ; ಬೆಂಗಳೂರಾದರೆ ಅದೂ ಮಳೆಗಾಲದಲ್ಲಿ ಶಿರಾಡಿ ಘಾಟಿ ತೆರೆದಿದ್ದರೆ.

ಓಡಿಸಿದರೆ ಖರ್ಚು, ನಿಲ್ಲಿಸಿದರೆ ಅದಕ್ಕಿಂತ ಖರ್ಚು. ಗಲ್ಫಿನಲ್ಲಿ ದುಡಿಯುವವರು ಊರಿನ ಪೋರ್ಚಿನಲ್ಲಿ ಕವರ್ ಹೊದಿಸಿ ಕಾರು ಬಿಟ್ಟುಹೋಗುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕವರಿನ ಒಳಗೆ ತೇವ ಆರುವುದಿಲ್ಲ, ಸೀಟಿಗೆ ಬೂಸರು ಹಿಡಿಯುತ್ತದೆ, ಕಡಲ ಗಾಳಿಗೆ ಬ್ರೇಕ್ ಡಿಸ್ಕ್ ಕೆಂಪಾಗುತ್ತದೆ, ಇಲಿ ವೈರ್ ಕಡಿಯುತ್ತದೆ. ಪೆಟ್ರೋಲಿನಲ್ಲಿ ಈಗ ಶೇಕಡಾ 20 ಎಥೆನಾಲ್ ಇದ್ದು ಅದು ನೀರನ್ನು ಎಳೆದುಕೊಳ್ಳುವ ಗುಣದ್ದಾದುದರಿಂದ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಬಿಟ್ಟ ಇಂಧನವೂ ಕೆಡುತ್ತದೆ. ‘ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿಡಿ’ ಎಂದು ಮನೆಯವರಿಗೆ ಹೇಳಿ ಹೋಗುವುದುಂಟು; ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಬ್ಯಾಟರಿಯಿಂದ ಹೋದದ್ದು ಮರಳಿ ತುಂಬುವುದಿಲ್ಲ, ಸೈಲೆನ್ಸರಿನಲ್ಲಿ ನೀರು ಮಾತ್ರ ಉಳಿಯುತ್ತದೆ. ನಮ್ಮ ಊರಿನ ಪರಿಚಿತರೊಬ್ಬರ ಪೋರ್ಷೆಯ ಬ್ಯಾಟರಿ ಹೀಗೆಯೇ ಸತ್ತಿತು. ಬ್ಯಾಟರಿ ಇರುವುದು ಮುಂದಿನ ಡಿಕ್ಕಿಯೊಳಗೆ, ಆ ಡಿಕ್ಕಿ ತೆರೆಯುವುದು ಬ್ಯಾಟರಿಯ ಕರೆಂಟಿನಿಂದ! ಫ್ಯೂಸ್ ಪೆಟ್ಟಿಗೆಯಲ್ಲಿರುವ ಕೊಂಡಿಯನ್ನು ಹೊರಕ್ಕೆಳೆದು ಬೇರೆ ಬ್ಯಾಟರಿಯ ತಂತಿ ಕೊಡಬೇಕೆಂಬುದು ಗೊತ್ತಿಲ್ಲದೆ ಕಬ್ಬಿಣದ ಸಲಾಕೆ ಹಾಕಿ ಮೀಟಿದವರು ಬಾನೆಟ್ಟಿನ ಅಂಚನ್ನೇ ಬಗ್ಗಿಸಿಟ್ಟರು.

ವಿಮೆಯ ವಿಚಾರದಲ್ಲಿ ಒಂದು ತಮಾಷೆಯುಂಟು. 1500 ಸಿಸಿಗಿಂತ ಮೇಲಿನ ಎಲ್ಲ ಖಾಸಗಿ ಕಾರುಗಳಿಗೂ 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ಪ್ರೀಮಿಯಂ ಒಂದೇ, 7,897 ರೂಪಾಯಿ. ಹತ್ತು ಸಿಲಿಂಡರಿನ ಕಾರಿಗೂ ಸಂಸಾರವಂದಿಗರ ಡೀಸೆಲ್ ಕಾರಿಗೂ ಭೇದವಿಲ್ಲ. ಅದನ್ನೇ ತೋರಿಸಿ ‘ಇನ್ಶೂರೆನ್ಸ್ ಏನೂ ಇಲ್ಲ’ ಎನ್ನುತ್ತಾರೆ. ಸ್ವಂತ ಹಾನಿಯ ವಿಮೆಯ ಮೊತ್ತ ಬೇರೆ. ಹಳೆಯ ಕಾರಿಗೆ ಸವಕಳಿ ಕಳೆಯದ ಪಾಲಿಸಿ ಸಿಗುವುದೇ ಕಷ್ಟ, ರಬ್ಬರ್–ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಹಣವನ್ನು ಕೈಯಿಂದಲೇ ಹಾಕಬೇಕು, ರಸ್ತೆಯ ನೀರು ಎಂಜಿನಿಗೆ ನುಗ್ಗಿದರೆ ಪ್ರತ್ಯೇಕ ಸೇರ್ಪಡೆಯಿಲ್ಲದೆ ಪರಿಹಾರವಿಲ್ಲ.

ಇಷ್ಟು ತಿಳಿದೂ ಕೊಳ್ಳುವವರು ಕೊಳ್ಳಲಿ. ಕಂತು ಕಟ್ಟಿದ ಮೇಲೆ ಮತ್ತೆ ವರ್ಷಕ್ಕೆ ನಾಲ್ಕೈದು ಲಕ್ಷ ಪ್ರತ್ಯೇಕ ತೆಗೆದಿಡಲು ಸಾಧ್ಯವಿದ್ದವರ ಹವ್ಯಾಸಕ್ಕೆ ನನ್ನ ಆಕ್ಷೇಪವಿಲ್ಲ. ನನ್ನ ಬೇಡಿಕೆ ಸಾಲ ಕೊಡುವವರಲ್ಲಿ. ರಿಸರ್ವ್ ಬ್ಯಾಂಕಿನ ಆದೇಶದಂತೆ 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಫೈನಾನ್ಸ್ ಕಂಪೆನಿಗಳೂ ಇಂತಹ ಸಾಲಕ್ಕೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಹಾಳೆಯನ್ನು ಮೊದಲೇ ಕೊಡಬೇಕು; ಅದರಲ್ಲಿ ಶುಲ್ಕಗಳೆಲ್ಲ ಸೇರಿದ ನಿಜವಾದ ವಾರ್ಷಿಕ ದರವಿರಬೇಕು, ಓದಿ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನಗಳ ಅವಕಾಶವಿರಬೇಕು, ಮತ್ತು ಅದು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಆದರೆ ನನ್ನಲ್ಲಿಗೆ ಬಂದ ಹಾಳೆಗಳು ಇಂಗ್ಲಿಷಿನಲ್ಲಿದ್ದವು, ಇಲ್ಲವೇ ಮಲಯಾಳದಲ್ಲಿ. ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಶಾಖೆಗಳು ಕನ್ನಡಿಗ ಗ್ರಾಹಕರಿಗೆ ಈ ಹಾಳೆಯನ್ನು ಕನ್ನಡದಲ್ಲಿ ಕೊಡಬೇಕು. ಗ್ರಾಹಕರೂ ಅದು ಕೈಗೆ ಬರುವವರೆಗೆ ಮುಂಗಡ ಕೊಡಬಾರದು. ಜಿಲ್ಲೆಯ ಬ್ಯಾಂಕುಗಳನ್ನೆಲ್ಲ ಒಟ್ಟುಗೂಡಿಸಿ ಸಭೆ ನಡೆಸುವ ಲೀಡ್ ಬ್ಯಾಂಕಿನ ಅಧಿಕಾರಿಗಳು ಇದನ್ನು ಮುಂದಿನ ಸಭೆಯಲ್ಲಿಯೇ ಎತ್ತಿಕೊಳ್ಳುವಂತೆ ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ,
ನಿವೃತ್ತ ಬ್ಯಾಂಕ್ ಉದ್ಯೋಗಿ,
ಕುಂಬಳೆ, ಕಾಸರಗೋಡು ಜಿಲ್ಲೆ